ಸಾಕ್ಷ್ಯಚಿತ್ರದಲ್ಲಿ ಮನೆಯ ಪ್ರಶ್ನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳಲ್ಲಿ ರಾಜಕೀಯ ಸಾಕ್ಷ್ಯಚಿತ್ರಗಳನ್ನು ತೋರಿಸುವುದರಿಂದ ಪ್ರಯೋಜನವೇನು ಎಂಬ ಪ್ರಶ್ನೆಗೆ ಜ್ಞಾನಪ್ರಸಾರವೆಂಬ ಸಿದ್ಧ ಉತ್ತರವೊಂದುಂಟು. ಆ ಉತ್ತರ ನಮಗೆ ಸಾಲದು. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳನ್ನು ದೇಶದ ಪ್ರೇಕ್ಷಕರು ದಶಕಗಳ ಕಾಲ ಮುಖ್ಯಚಿತ್ರಕ್ಕೆ ಮೊದಲು ನೋಡಿದರು. ಅವುಗಳಲ್ಲಿ ಬಹುಮಟ್ಟಿಗೆ ಅಣೆಕಟ್ಟು ಏಳುತ್ತಿದ್ದಿತು, ಹಿನ್ನೆಲೆಯ ಧ್ವನಿ ವಿವರಿಸುತ್ತಿದ್ದಿತು, ಜನರು ಮೌನವಾಗಿ ದುಡಿಯುತ್ತಿದ್ದರು. ಮಾತು ಯಾರದು ಎಂಬಲ್ಲಿಂದಲೇ ವಿಮರ್ಶೆ ತೊಡಗಬೇಕು.

ಎಲ್ಟನ್ ಮತ್ತು ಆನ್‌ಸ್ಟಿ ಅವರು 1935ರಲ್ಲಿ ತಯಾರಿಸಿದ 'ಹೌಸಿಂಗ್ ಪ್ರಾಬ್ಲೆಮ್ಸ್' ಈ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಲಂಡನ್ನಿನ ಸ್ಟೆಪ್ನಿಯ ಬಡವರು ತಮ್ಮ ಶಿಥಿಲ ಕೋಣೆಗಳಲ್ಲಿಯೇ ನಿಂತು, ಇಲಿ ಹುಳುಗಳ ಕಾಟವನ್ನು ಸ್ವಂತ ನುಡಿಯಲ್ಲಿ ಹೇಳುತ್ತಾರೆ. ಆದರೆ ಚಿತ್ರಕ್ಕೆ ಹಣ ಒದಗಿಸಿದ್ದು ಅಲ್ಲಿಯ ಅನಿಲ ವ್ಯಾಪಾರಿಗಳ ಸಂಘ. ಹಳೆಯ ಮನೆಗಳನ್ನು ಕೆಡವಿ ಹೊಸ ವಸತಿಗಳನ್ನು ಕಟ್ಟುವುದೇ ಪರಿಹಾರವೆಂದು ಚಿತ್ರ ತೀರ್ಮಾನಿಸುತ್ತದೆ. ಮನೆ ಹಾಗೇಕೆ ಹಾಳಾಯಿತು, ಒಡೆಯನಾರು ಎಂಬ ಪ್ರಶ್ನೆಗಳನ್ನು ಬೆಳೆಸುವುದಿಲ್ಲ. ಸುಳ್ಳಾಡದೆಯೂ ಪಕ್ಷಪಾತ ಮಾಡಬಹುದೆಂಬುದಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಆನಂದ ಪಟವರ್ಧನರ 'ಹಮಾರಾ ಶಹರ್' (1985) ಇನ್ನೂ ಮುಂದೆ ಹೋಗುತ್ತದೆ. ಮುಂಬಯಿಯ ಗುಡಿಸಲುಗಳನ್ನು ಕೀಳುವ ದೃಶ್ಯಗಳ ಪಕ್ಕದಲ್ಲಿಯೇ, ನಗರ ಚೆಂದವಾಗಬೇಕೆನ್ನುವ ಅನುಕೂಲವಂತರ ಮಾತುಗಳನ್ನು ಅವರು ಇಡುತ್ತಾರೆ. ಈ ಜೋಡಣೆ ಒಮ್ಮೊಮ್ಮೆ ತೀರ ಸುಲಭದ ವ್ಯಂಗ್ಯವಾಗುತ್ತದೆಂಬುದು ನಮ್ಮ ಆಕ್ಷೇಪ. ಆದರೆ ಬಡ ಹೆಂಗಸೊಬ್ಬಳು ಚಿತ್ರ ತೆಗೆಯುವವರನ್ನೇ ತರಾಟೆಗೆ ತೆಗೆದುಕೊಳ್ಳುವ ಭಾಗವನ್ನು ಅವರು ಕತ್ತರಿಸದೆ ಉಳಿಸಿಕೊಂಡಿದ್ದಾರೆ. ಕೃತಿಯ ಪ್ರಾಮಾಣಿಕತೆ ನೆಲೆಸಿರುವುದು ಅಲ್ಲಿ. ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರ ದೂರದರ್ಶನದಲ್ಲಿ ಕಾಣಿಸಿಕೊಳ್ಳಲು ನಾಲ್ಕು ವರ್ಷಗಳ ನ್ಯಾಯಾಲಯದ ಹೋರಾಟ ಬೇಕಾಯಿತು. ಅದೇ 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಓಲ್ಗಾ ಟೆಲ್ಲಿಸ್ ಮೊಕದ್ದಮೆಯಲ್ಲಿ ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಒಪ್ಪಿತು. ಒಪ್ಪಿಯೂ, ನಿಯಮಾನುಸಾರ ಎಬ್ಬಿಸುವುದನ್ನು ತಡೆಯಲಿಲ್ಲ.

ಮುಂಬಯಿಯ ಕಥೆ ಮಲಪ್ರಭೆಯ ಸೀಮೆಗೆ ಪರಕೀಯವೇ? ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿಗಾಗಿ ಹಳ್ಳಿಗಳು ನೆಲೆ ಬಿಟ್ಟವು. 2019ರ ಆಗಸ್ಟಿನಲ್ಲಿ ಅದೇ ಹೊಳೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಸರಕಾರ ಘೋಷಿಸಿತು. ಹಣ ಕಂತುಕಂತಾಗಿ ಬರುವ ಏರ್ಪಾಡು. ವಾರ್ತಾವಾಹಿನಿಗೆ ನೀರು ಬಂದ ದಿನವೇ ಸುದ್ದಿ. ತಳಪಾಯ ಹಾಕಿ ಮುಂದಿನ ಕಂತಿಗೆ ಕಾದು ಕುಳಿತವನ ದಿನ ಸುದ್ದಿಯಲ್ಲ. ಸಾಕ್ಷ್ಯಚಿತ್ರದ ಕೆಲಸವಿರುವುದು ಆ ದಿನದಲ್ಲಿ. ಕಿತ್ತೂರಿಗೆ ಬರುವ ಕ್ಯಾಮೆರಾವಾದರೂ ಕೋಟೆಯ ಮುರಿದ ಗೋಡೆಗಳನ್ನು ತೆಗೆದುಕೊಂಡು ಹಿಂತಿರುಗುತ್ತದೆ. ಚೆನ್ನಮ್ಮನ ಅರಮನೆ ಬಿದ್ದುದಕ್ಕೆ ಮರುಗಲು ಕಲಿತಿದ್ದೇವೆ, ಅದು ಯೋಗ್ಯವೇ.

ಆದುದರಿಂದ ಈ ಊರುಗಳಲ್ಲಿ ಪಟವರ್ಧನರ ಚಿತ್ರವನ್ನು ತೋರಿಸುವ ಅಧ್ಯಾಪಕರು ಮೊದಲು ಭಾಷಣ ಮಾಡಬಾರದು. ಚಿತ್ರ ಮುಗಿದ ಮೇಲೆ, ನೀರಿಗೆ ಮನೆ ಕಳೆದುಕೊಂಡವರು ಸಭೆಯಲ್ಲಿದ್ದರೆ, ಮೊದಲ ಮಾತು ಅವರದಾಗಲಿ. ಅವರು ಚಿತ್ರವನ್ನು ಹಳಿದರೂ ಸರಿಯೇ.