ರೋಗಿಯ ಹಾಸಿಗೆಯಿಂದ ದೂರ ಸರಿದ ಡಾಕ್ಟರೇಟ್

ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಿ ರೋಗಿಗಳನ್ನು ಪರೀಕ್ಷಿಸಲು, ರೋಗ ಗುರುತಿಸಿ ಔಷಧಿ ಬರೆದುಕೊಡಲು ಡಾಕ್ಟರೇಟ್ ಬೇಕಿಲ್ಲ. ಮಾಸ್ಟರ್ಸ್ ಪದವಿ, ಅದರ ಮೇಲೊಂದು ರಾಷ್ಟ್ರಮಟ್ಟದ ಪ್ರಮಾಣೀಕರಣ ಪರೀಕ್ಷೆ, ರಾಜ್ಯದ ಲೈಸೆನ್ಸ್, ಇಷ್ಟಿದ್ದರೆ ಸಾಕು. ಅಲ್ಲಿನ ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್, ವೈದ್ಯರಿಗೆ ಕೊಡುವ ದರದ ಶೇ. 85ರಷ್ಟನ್ನು ಇವರಿಗೆ ಕೊಡುತ್ತದೆ. ಆ ದರ ಮಾಸ್ಟರ್ಸ್ ಓದಿದವರಿಗೂ ಡಾಕ್ಟರೇಟ್ ಮಾಡಿದವರಿಗೂ ಒಂದೇ. ಹೀಗಿದ್ದೂ ಸಾವಿರಾರು ನರ್ಸುಗಳು ಡ್ಯೂಟಿ ಮುಗಿಸಿ ಮನೆಗೆ ಬಂದು, ಮಕ್ಕಳನ್ನು ಮಲಗಿಸಿ, ರಾತ್ರಿ ಲ್ಯಾಪ್‌ಟಾಪ್ ತೆರೆದು ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’ ಓದುತ್ತಿದ್ದಾರೆ. ಎಲ್ಲರ ಬಾಯಲ್ಲಿ ಅದು ಡಿಎನ್‌ಪಿ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಬಿಎಸ್ಸಿ ನರ್ಸಿಂಗ್ ಮುಗಿಸಿ, ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಿ ವಿಮಾನ ಹತ್ತಿದ ನಮ್ಮವರೂ ಅವರಲ್ಲಿದ್ದಾರೆ. ಇಷ್ಟು ಹಣ, ಇಷ್ಟು ನಿದ್ದೆ ಬೇಡುವ ಪದವಿ ರೋಗಿಗೆ ಏನು ತಂದುಕೊಡುತ್ತದೆ ಎಂಬುದನ್ನು ನೋಡಲೇಬೇಕು.

ನರ್ಸ್ ಪ್ರಾಕ್ಟೀಷನರ್ ಎಂಬ ವೃತ್ತಿ ಹುಟ್ಟಿದ್ದು 1965ರಲ್ಲಿ, ಕೊಲರಾಡೋ ವಿಶ್ವವಿದ್ಯಾಲಯದಲ್ಲಿ. ಸಾರ್ವಜನಿಕ ಆರೋಗ್ಯ ನರ್ಸ್ ಆಗಿದ್ದ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಮಕ್ಕಳ ಆರೋಗ್ಯಕ್ಕಾಗಿ ಅದನ್ನು ಶುರು ಮಾಡಿದರು. ವೈದ್ಯರು ಸಿಗದ ಹಳ್ಳಿಗಳ, ಬಡ ಬಡಾವಣೆಗಳ ಮಕ್ಕಳನ್ನು ಅನುಭವಿ ನರ್ಸೊಬ್ಬರು ಚೆನ್ನಾಗಿ ನೋಡಿಕೊಳ್ಳಬಲ್ಲರು ಎಂಬುದು ಅವರ ನಂಬಿಕೆಯಾಗಿತ್ತು. ಅಲ್ಲಿಂದ ಸುಮಾರು ನಾಲ್ಕು ದಶಕ ಕಳೆದ ಮೇಲೆ, 2004ರ ಅಕ್ಟೋಬರಿನಲ್ಲಿ, ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘವು ಉನ್ನತ ಶುಶ್ರೂಷೆಯ ಪ್ರವೇಶ ಪದವಿ 2015ರ ಹೊತ್ತಿಗೆ ಮಾಸ್ಟರ್ಸ್‌ನಿಂದ ಡಾಕ್ಟರೇಟ್‌ಗೆ ಏರಬೇಕೆಂದು ನಿರ್ಣಯಿಸಿತು. 2001ರಲ್ಲಿ ಕೆಂಟಕಿ ವಿಶ್ವವಿದ್ಯಾಲಯ ಆಗಲೇ ಮೊದಲ ಡಿಎನ್‌ಪಿ ಕೋರ್ಸ್ ತೆರೆದಿತ್ತು.

ನಿರ್ಣಯದ ಹಿಂದೆ ಒಪ್ಪುವಂಥ ಕಾರಣಗಳಿದ್ದವು. ಔಷಧಶಾಸ್ತ್ರ, ಫಿಸಿಯೋಥೆರಪಿ, ಶ್ರವಣಶಾಸ್ತ್ರಗಳು ತಮ್ಮ ವೃತ್ತಿ ಪದವಿಯನ್ನು ಡಾಕ್ಟರೇಟ್‌ಗೆ ಏರಿಸಿಕೊಳ್ಳುತ್ತಿದ್ದವು. ಆಸ್ಪತ್ರೆಯ ತಪ್ಪುಗಳಿಂದ ಸಾಯುವವರ ಬಗ್ಗೆ 1999ರಲ್ಲಿ ಬಂದ ದೊಡ್ಡ ವರದಿ ಇಡೀ ವ್ಯವಸ್ಥೆಯನ್ನು ಅಲುಗಾಡಿಸಿತ್ತು. ಮಾಸ್ಟರ್ಸ್ ಪಠ್ಯಕ್ರಮವಂತೂ ಉಬ್ಬಿ ಉಬ್ಬಿ, ಓದಿದಷ್ಟಕ್ಕೆ ತಕ್ಕ ಪದವಿ ಸಿಗುತ್ತಿಲ್ಲ ಎನ್ನುವ ಸ್ಥಿತಿ ತಲುಪಿತ್ತು. ಈ ಮೂರೂ ನಿಜ. ಆದರೆ ಮಾಸ್ಟರ್ಸ್ ಮಾಡಿದ ನರ್ಸ್ ರೋಗಿಗೆ ಸಾಲುತ್ತಿಲ್ಲ ಎಂಬ ಕಾರಣ ಇವುಗಳಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಕೈಯಲ್ಲಿದ್ದ ಪುರಾವೆ ಅದಕ್ಕೆ ವಿರುದ್ಧವಾಗಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಮೇರಿ ಮಂಡಿಂಗರ್ ಮತ್ತು ಸಂಗಡಿಗರು 2000ದಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. 1,316 ರೋಗಿಗಳನ್ನು ಚೀಟಿ ಎತ್ತಿದಂತೆ ವೈದ್ಯರಿಗೂ ನರ್ಸ್ ಪ್ರಾಕ್ಟೀಷನರುಗಳಿಗೂ ಹಂಚಿದರು. ಆರು ತಿಂಗಳ ನಂತರ ರೋಗಿಗಳ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡಿಎನ್‌ಪಿ ಎಂಬ ಪದವಿ ಇನ್ನೂ ಹುಟ್ಟದ ಕಾಲದ ನರ್ಸುಗಳು ಅವರು.

ಇದೇ ಮಂಡಿಂಗರ್ ಮುಂದೆ ಕ್ಲಿನಿಕಲ್ ಡಾಕ್ಟರೇಟ್‌ನ ಗಟ್ಟಿ ದನಿಯಾದರು. ಹೆಚ್ಚು ಜಟಿಲವಾದ ಕಾಯಿಲೆಗಳನ್ನು, ಆಸ್ಪತ್ರೆಯಿಂದ ಮನೆಯವರೆಗೂ ರೋಗಿಯ ಜೊತೆ ಹೋಗಿ ನಿಭಾಯಿಸಬಲ್ಲ ನರ್ಸನ್ನು ತಯಾರು ಮಾಡುವ ಪದವಿ ಅವರ ಕನಸು. ಆ ಕನಸಿಗೆ ಏನಾಯಿತು ಎಂದು ಅವರೇ ಸಹಲೇಖಕರೊಬ್ಬರ ಜೊತೆ 2019ರಲ್ಲಿ ಲೆಕ್ಕ ಹಾಕಿದರು. 2005ರಿಂದ 2018ರವರೆಗೆ ತೆರೆದ 553 ಡಿಎನ್‌ಪಿ ಕೋರ್ಸುಗಳಲ್ಲಿ ಕ್ಲಿನಿಕಲ್ ಎನ್ನಬಹುದಾದವು ಶೇ. 15 ಮಾತ್ರ. ಉಳಿದ ಶೇ. 85 ಆಡಳಿತ, ನಾಯಕತ್ವಗಳ ಕಡೆ ವಾಲಿದ್ದವು. ಪದವಿಯ ಬೆಂಬಲಿಗರೇ ಬರೆದ ಈ ಲೆಕ್ಕಕ್ಕಿಂತ ತೀಕ್ಷ್ಣವಾದ ವಿಮರ್ಶೆಯನ್ನು ಯಾವ ವಿರೋಧಿಯೂ ಬರೆದಿಲ್ಲ ಎಂದು ನನ್ನ ಎಣಿಕೆ.

ಹೀಗಾದದ್ದಕ್ಕೆ ಕಾರಣ ಗಂಟೆಗಳ ಲೆಕ್ಕದಲ್ಲಿದೆ. ಕಾಲೇಜುಗಳ ಸಂಘದ 2006ರ ಮಾರ್ಗಸೂಚಿ ಡಿಎನ್‌ಪಿಗೆ ಬಿಎಸ್ಸಿ ನಂತರ ಒಟ್ಟು 1,000 ಗಂಟೆಗಳ ಅಭ್ಯಾಸ ಬೇಕು ಎಂದಿತು. ಮಾಸ್ಟರ್ಸ್‌ನಲ್ಲಿ ಮಾಡಿದ ಗಂಟೆಗಳೂ ಇದರಲ್ಲಿ ಸೇರುತ್ತಿದ್ದವು. ನರ್ಸ್ ಪ್ರಾಕ್ಟೀಷನರ್ ಶಿಕ್ಷಣಕ್ಕೆ ಬಹುಕಾಲ ಇದ್ದ ಕನಿಷ್ಠ ಮಿತಿ ಬರೀ 500 ಗಂಟೆ, 2022ರಲ್ಲಿ ಅದು 750 ಆಯಿತು. ಹಾಗಾದರೆ ಮಾಸ್ಟರ್ಸ್ ಮುಗಿಸಿ ಬಂದವರು ಡಾಕ್ಟರೇಟ್‌ಗಾಗಿ ತುಂಬಬೇಕಾದ ಉಳಿದ ಗಂಟೆಗಳು ಎಲ್ಲಿ ಹೋಗುತ್ತವೆ? ಎಷ್ಟೋ ಕೋರ್ಸುಗಳಲ್ಲಿ ಅವು ಪದವಿಗಾಗಿ ಮಾಡಲೇಬೇಕಾದ ಪ್ರಾಜೆಕ್ಟಿಗೆ ಹೋಗುತ್ತವೆ. ಸಮಿತಿಯ ಸಭೆ, ಅಂಕಿಅಂಶ ಸಂಗ್ರಹ, ಸಿಬ್ಬಂದಿಗೆ ತರಬೇತಿ, ಎಲ್ಲವೂ ಅಭ್ಯಾಸದ ಗಂಟೆಗಳೇ. ಹೊಸದಾಗಿ ಒಬ್ಬ ರೋಗಿಯ ಎದೆಗೂ ಸ್ಟೆಥೋಸ್ಕೋಪ್ ಇಡದೆ ಕ್ಲಿನಿಕಲ್ ಡಾಕ್ಟರೇಟ್ ಪಡೆಯುವ ದಾರಿ ಹೀಗೆ ತೆರೆದುಕೊಂಡಿತು. ಒಂದು ಕುಟುಂಬ ವೈದ್ಯರಾಗಲು ಮೆಡಿಕಲ್ ಕಾಲೇಜಿನ ನಂತರ ಮೂರು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ಇದ್ದು ಪಡೆಯುವ ತರಬೇತಿ, ಬೇಕಾಗುವ ದೇಶದಲ್ಲಿ ಈ ಅಂತರ ಎಲ್ಲರ ಕಣ್ಣಿಗೂ ಹೊಡೆಯುತ್ತದೆ.

ಆದರೂ ಪ್ರಾಜೆಕ್ಟನ್ನು ನಾನು ತಳ್ಳಿಹಾಕಲಾರೆ. ಡಿಎನ್‌ಪಿಯ ನಿಜವಾದ ಶಕ್ತಿ, ನಿಜವಾದ ದೌರ್ಬಲ್ಯ ಎರಡೂ ಅಲ್ಲೇ ಇವೆ. ಪಿಎಚ್‌ಡಿ ಹೊಸ ಜ್ಞಾನ ಹುಡುಕುತ್ತದೆ. ಡಿಎನ್‌ಪಿ ಈಗಾಗಲೇ ಸಾಬೀತಾದದ್ದನ್ನು ವಾರ್ಡಿಗೆ ಇಳಿಸಲು ಕಲಿಸಬೇಕು. ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷಿಸಬೇಕೆಂದು ಗೊತ್ತಿದ್ದೂ ಕ್ಲಿನಿಕ್ಕಿನಲ್ಲಿ ಅದು ತಪ್ಪಿಹೋಗುತ್ತದೆ. ಖಿನ್ನತೆ ಪತ್ತೆ ಮಾಡುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಲ್ಲೆಡೆ ಸಿಗುತ್ತದೆ, ಆದರೆ ಯಾರು ಕೇಳಬೇಕು, ಅಂಕ ಹೆಚ್ಚು ಬಂದರೆ ಅದೇ ದಿನ ರೋಗಿಯನ್ನು ಎಲ್ಲಿಗೆ ಕಳಿಸಬೇಕು ಎಂಬುದು ತೀರ್ಮಾನವಾಗಿರುವುದಿಲ್ಲ. ಮೂತ್ರದ ಕ್ಯಾತಿಟರ್ ಬೇಡವಾದ ಮೇಲೂ ತೆಗೆಯಲು ಯಾರಿಗೂ ನೆನಪಾಗದೆ ಸೋಂಕು ಹತ್ತುತ್ತದೆ. ಈ ಬಿರುಕುಗಳನ್ನು ಮೊದಲು ಕಾಣುವವರು ನರ್ಸುಗಳು. ಅಳೆದು, ಸಣ್ಣ ಬದಲಾವಣೆ ಮಾಡಿ, ಮತ್ತೆ ಅಳೆದು, ವಿಭಾಗದ ಮುಖ್ಯಸ್ಥರನ್ನು ಒಪ್ಪಿಸುವ ವಿದ್ಯೆಯನ್ನು ಅವರ ಕೈಗೆ ಕೊಡುವ ಓದಿಗೆ ನನ್ನ ಪೂರ್ಣ ಗೌರವವಿದೆ. ವೈದ್ಯಕೀಯ ಶಿಕ್ಷಣದಲ್ಲೂ ಈ ವಿದ್ಯೆಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ತೊಂದರೆ ಇರುವುದು ಅದನ್ನು ನಡೆಸುವ ರೀತಿಯಲ್ಲಿ. ಎರಡು ಸೆಮಿಸ್ಟರಿನೊಳಗೆ ಮುಗಿಯಬೇಕು ಎಂಬ ಒತ್ತಡಕ್ಕೆ ಪ್ರಾಜೆಕ್ಟ್ ಕುಗ್ಗಿ ಕುಗ್ಗಿ, ಸಿಬ್ಬಂದಿಗೆ ಒಂದು ಗಂಟೆಯ ಪಾಠ, ಪಾಠಕ್ಕೆ ಮೊದಲು ಮತ್ತು ನಂತರ ಒಂದು ಪ್ರಶ್ನಾವಳಿ ಎಂಬಷ್ಟಕ್ಕೆ ಬಂದು ನಿಲ್ಲುತ್ತದೆ. ಪಾಠದ ನಂತರ ಅಂಕ ಏರುತ್ತದೆ, ಏರದೆ ಇನ್ನೇನಾದೀತು. ರೋಗಿಗೆ ಏನಾಯಿತು ಎಂಬ ಸಾಲು ವರದಿಯಲ್ಲಿ ಇರುವುದಿಲ್ಲ. ಕಾಲೇಜುಗಳ ಸಂಘಕ್ಕೂ ಇದು ಗೊತ್ತಾಗಿ, 2015ರಲ್ಲಿ ಬರೀ ಸಾಹಿತ್ಯ ವಿಮರ್ಶೆಯನ್ನು ಡಿಎನ್‌ಪಿ ಪ್ರಾಜೆಕ್ಟ್ ಎಂದು ಒಪ್ಪಲಾಗದು, ಬದಲಾವಣೆ ಮುಂದುವರಿಯುವ ಯೋಜನೆಯೂ ಇರಬೇಕು ಎಂದು ಸ್ಪಷ್ಟಪಡಿಸಿತು. ಕಾಗದದಲ್ಲಿ ಯೋಜನೆ ಇರುತ್ತದೆ. ವಿದ್ಯಾರ್ಥಿ ಪದವಿ ಪಡೆದು ಹೊರಟ ಮೇಲೆ ಆ ಹೊಸ ಫಾರ್ಮ್ ತುಂಬುವವರು ಯಾರು ಎಂದು ಹೋಗಿ ನೋಡುವವರಿಲ್ಲ.

ಇದಕ್ಕಿಂತ ನೋವಿನ ಸಂಗತಿ ಪ್ರಿಸೆಪ್ಟರ್ ಹುಡುಕಾಟ. ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ರೋಗಿಗಳನ್ನು ನೋಡುತ್ತಾ ಕಲಿಸುವ ಹಿರಿಯರೇ ಪ್ರಿಸೆಪ್ಟರ್. ಅವರನ್ನು ಒದಗಿಸುವುದು ಕಾಲೇಜಿನ ಮೊದಲ ಕರ್ತವ್ಯ. ಅನೇಕ ಆನ್‌ಲೈನ್ ಕೋರ್ಸುಗಳು ಆ ಹೊಣೆಯನ್ನು ವಿದ್ಯಾರ್ಥಿಯ ತಲೆಗೆ ಕಟ್ಟಿವೆ. ಶುಲ್ಕ ಕಟ್ಟಿದವರೇ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಫೋನ್ ಮಾಡಿ, ಅಂಗಲಾಚಿ, ಕೆಲವೊಮ್ಮೆ ಏಜೆನ್ಸಿಗಳಿಗೆ ಕೈಯಿಂದ ಹಣ ಕೊಟ್ಟು ಜಾಗ ಹಿಡಿಯಬೇಕು. ವಲಸೆ ಬಂದು, ಆ ಊರಿನಲ್ಲಿ ಪರಿಚಯದವರೇ ಇಲ್ಲದ ನರ್ಸಿಗೆ ಇದು ದುಪ್ಪಟ್ಟು ಭಾರ. ಹೀಗೆ ಕಲಿಸುವವರನ್ನು ಒದಗಿಸಲಾಗದ ಕಾಲೇಜಿಗೆ ಡಾಕ್ಟರೇಟ್ ಕೊಡುವ ನೈತಿಕ ಹಕ್ಕಿಲ್ಲ ಎಂದೇ ನಾನು ಹೇಳುತ್ತೇನೆ.

ಬೇರೆ ಥರ ಮಾಡಬಹುದಿತ್ತೇ? ಮಾಡಿ ತೋರಿಸಿದವರಿದ್ದಾರೆ. ಅರಿವಳಿಕೆ ಕೊಡುವ ನರ್ಸುಗಳ ಶಿಕ್ಷಣವನ್ನು ನೋಡಿ. 2022ರಿಂದ ಆ ಕೋರ್ಸಿಗೆ ಸೇರುವವರೆಲ್ಲರೂ ಡಾಕ್ಟರೇಟ್ ಹಂತದಲ್ಲೇ ಓದಬೇಕು. ಜೊತೆಗೆ ಕನಿಷ್ಠ 2,000 ಕ್ಲಿನಿಕಲ್ ಗಂಟೆ, 600 ಕೇಸುಗಳು ಕಡ್ಡಾಯ. ಅಲ್ಲಿ ಪದವಿಯ ಹೆಸರು ಏನೇ ಇರಲಿ, ಆಪರೇಷನ್ ಥಿಯೇಟರ್ ತಪ್ಪುವುದಿಲ್ಲ. ನರ್ಸ್ ಪ್ರಾಕ್ಟೀಷನರ್ ಶಿಕ್ಷಣ ಸಂಘಟನೆಯೂ 2025ರೊಳಗೆ ಎಲ್ಲರೂ ಡಿಎನ್‌ಪಿಗೆ ಏರಬೇಕು ಎಂದು 2018ರಲ್ಲಿ ಹೇಳಿತ್ತು. 2015ರ ಗಡುವಿನಂತೆ ಆ ಗಡುವೂ ಕಳೆದುಹೋಯಿತು. ಗಡುವು ಮುಂದೂಡುವ ಬದಲು ಗಂಟೆಗಳನ್ನು ಇನ್ನಷ್ಟು ಹೆಚ್ಚಿಸಿದ್ದರೆ ಒಳ್ಳೆಯದಿತ್ತು.

ಡಾಕ್ಟರ್ ಎಂದು ಕರೆದುಕೊಳ್ಳುವ ಹಕ್ಕಿನ ಬಗ್ಗೆ ದೊಡ್ಡ ಗದ್ದಲವಿದೆ. ಕ್ಯಾಲಿಫೋರ್ನಿಯಾದಲ್ಲಿ ಮೂವರು ನರ್ಸ್ ಪ್ರಾಕ್ಟೀಷನರುಗಳು ಈ ಹಕ್ಕಿಗಾಗಿ 2023ರಲ್ಲಿ ಕೋರ್ಟಿಗೆ ಹೋದರು. ರೋಗಿಗೆ ಗೊಂದಲವಾಗದಂತೆ ‘ನಾನು ನರ್ಸ್ ಪ್ರಾಕ್ಟೀಷನರ್’ ಎಂದು ಜೊತೆಗೇ ಹೇಳಿದರೆ ಸಾಕು ಎಂಬುದು ನನ್ನ ಅಭಿಪ್ರಾಯ, ಅದಕ್ಕಿಂತ ಹೆಚ್ಚು ಮಾತು ಇದಕ್ಕೆ ಬೇಡ. ಆ ಹೆಸರಿಗೆ ತಕ್ಕ ಕಲಿಕೆ ಇದೆಯೇ ಎಂದು ಅಳೆದ ಪರೀಕ್ಷೆಯ ವಿಷಯ ಮಾತ್ರ ಮರೆಯುವಂಥದ್ದಲ್ಲ. ವೈದ್ಯರು ಬರೆಯುವ ಲೈಸೆನ್ಸ್ ಪರೀಕ್ಷೆಯ ಮೂರನೇ ಹಂತವನ್ನು ಆಧರಿಸಿ 2008ರಲ್ಲಿ ಡಿಎನ್‌ಪಿ ಪದವೀಧರರಿಗೂ ಒಂದು ಪರೀಕ್ಷೆ ನಡೆಯಿತು. ಬರೆದವರಲ್ಲಿ ಪಾಸಾದವರು ಸುಮಾರು ಅರ್ಧದಷ್ಟು. ಕೆಲವು ವರ್ಷ ನಡೆದು ಪರೀಕ್ಷೆಯೇ ನಿಂತುಹೋಯಿತು. ಕಲಿಕೆಯ ಕೊರತೆ ಎಲ್ಲಿದೆ ಎಂದು ತೋರಿಸುತ್ತಿದ್ದ ಅಳತೆಗೋಲನ್ನು ಕೈಬಿಟ್ಟದ್ದು ಈ ಪದವಿಗೆ ಆದ ನಷ್ಟ.

ನಮ್ಮಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ವಿಭಾಗಕ್ಕಾಗಿ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸನ್ನು ರೆಸಿಡೆನ್ಸಿ ಮಾದರಿಯಲ್ಲಿ ರೂಪಿಸಿದೆ. ಕಲಿಯುವವರು ಐಸಿಯುನಲ್ಲೇ ಇದ್ದು ಕಲಿಯಬೇಕೆಂಬ ಅದರ ನಿಲುವು ಸರಿಯಾದದ್ದು. ಮುಂದೊಂದು ದಿನ ಇಲ್ಲೂ ಕ್ಲಿನಿಕಲ್ ಡಾಕ್ಟರೇಟ್ ಮಾತು ಬಂದಾಗ ಆ ನಿಲುವನ್ನು ಬಿಟ್ಟುಕೊಡಬಾರದು.

ಅಮೆರಿಕದಲ್ಲಿದ್ದು ಈಗ ಸೇರಲು ಯೋಚಿಸುತ್ತಿರುವ ನರ್ಸುಗಳು ಅರ್ಜಿ ಹಾಕುವ ಮೊದಲು ಕಾಲೇಜಿಗೆ ಫೋನ್ ಮಾಡಲಿ. ಒಟ್ಟು ಗಂಟೆಗಳಲ್ಲಿ ರೋಗಿಯ ಮುಂದೆ ಕಳೆಯುವವು ಎಷ್ಟು, ಪ್ರಿಸೆಪ್ಟರ್ ಒದಗಿಸುವವರು ಯಾರು, ಎರಡು ವರ್ಷದ ಹಿಂದಿನ ಬ್ಯಾಚಿನ ಪ್ರಾಜೆಕ್ಟುಗಳಲ್ಲಿ ಇವತ್ತಿಗೂ ನಡೆಯುತ್ತಿರುವುದು ಯಾವುದು ಎಂದು ಕೇಳಲಿ. ಮೂರನೆಯ ಪ್ರಶ್ನೆಗೆ ಒಂದು ಆಸ್ಪತ್ರೆಯ, ಒಂದು ವಾರ್ಡಿನ ಹೆಸರನ್ನಾದರೂ ಹೇಳಬಲ್ಲ ಕಾಲೇಜು ಸಿಕ್ಕಿದರೆ ಅಲ್ಲಿಗೆ ಸೇರಲಿ.