ಗೆರೆಯ ಹಿಂದಿನ ಹೆಸರು

ಹಳೆಯ ಇಂಗ್ಲಿಷ್, ರಷ್ಯನ್ ಕಾದಂಬರಿಗಳನ್ನು ಓದುವಾಗ ಒಂದು ವಿಚಿತ್ರ ಎದುರಾಗುತ್ತದೆ. ಊರಿನ ಹೆಸರು ಬರಬೇಕಾದಲ್ಲಿ ಒಂದು ಗೆರೆ, ಮನುಷ್ಯನ ಹೆಸರಿನ ಜಾಗದಲ್ಲಿ ಒಂದೇ ಅಕ್ಷರ. ರಿಚರ್ಡ್‌ಸನ್‌ನ 'ಪಮೇಲಾ'ದಲ್ಲಿ (1740) ಕೆಲಸದ ಹುಡುಗಿಯ ಬೆನ್ನು ಬೀಳುವ ಯಜಮಾನ ಬರೀ 'ಮಿಸ್ಟರ್ ಬಿ'. ಗೊಗೋಲನ 'ಡೆಡ್ ಸೋಲ್ಸ್' (1842) ನಡೆಯುವುದು 'ಎನ್‌ಎನ್' ಎಂಬ ಪಟ್ಟಣದಲ್ಲಿ. ದಾಸ್ತೋವ್‌ಸ್ಕಿಯ ರಾಸ್ಕೋಲ್ನಿಕೋವ್ 'ಎಸ್' ಓಣಿಯಿಂದ ಹೊರಟು 'ಕೆ' ಸೇತುವೆಯತ್ತ ನಡೆಯುತ್ತಾನೆ. ಪೀಟರ್ಸ್‌ಬರ್ಗ್ ಬಲ್ಲವರಿಗೆ ಅವು ಸ್ತೊಲ್ಯಾರ್ನಿ ಓಣಿ, ಕೊಕುಶ್ಕಿನ್ ಸೇತುವೆ.

ಕಾನೂನಿನ ಭಯವೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಭಯವಿದ್ದದ್ದು ನಿಜ. ಪಾರ್ಲಿಮೆಂಟಿನ ಚರ್ಚೆಗಳ ವರದಿಯನ್ನು 1738ರಲ್ಲಿ ನಿಷೇಧಿಸಿದಾಗ ಲಂಡನ್ನಿನ ಒಂದು ಪತ್ರಿಕೆ ಅವನ್ನೇ ಲಿಲಿಪುಟ್ ದೇಶದ ಚರ್ಚೆಗಳೆಂದು ಅಚ್ಚು ಹಾಕಿತು. ಆದರೆ ಇಲ್ಲದ ಯಜಮಾನನೊಬ್ಬ ಯಾವ ಕೋರ್ಟಿಗೆ ಹೋಗುತ್ತಾನೆ? ಕಾದಂಬರಿಯಲ್ಲಿ ಗೆರೆಯ ಕೆಲಸ ಬೇರೆ. ಮುಚ್ಚಿಡಬೇಕಾದವರು ಯಾರೋ ಇದ್ದಾರೆಂದು ಅದು ನಂಬಿಸುತ್ತದೆ. ಕಟ್ಟುಕತೆ ಎಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ರಿಚರ್ಡ್‌ಸನ್ ತಾನು ನಿಜವಾದ ಪತ್ರಗಳ ಸಂಪಾದಕ ಮಾತ್ರ ಎಂದು ಸೋಗು ಹಾಕಿದ್ದ. ಗೆರೆ ಆ ಸೋಗಿನ ಒಂದು ಭಾಗ. ಜೇನ್ ಆಸ್ಟಿನ್ ಇನ್ನೂ ಜಾಣೆ. 'ಪ್ರೈಡ್ ಅಂಡ್ ಪ್ರೆಜುಡೀಸ್'ನಲ್ಲಿ (1813) ಬ್ರೈಟನ್ನಿನ ಹೆಸರನ್ನು ಪೂರ್ತಿ ಬರೆಯುತ್ತಾಳೆ, ವಿಕಮ್‌ನಂಥ ಠಕ್ಕನಿರುವ ಪಡೆಯ ಜಿಲ್ಲೆಯನ್ನು ಮಾತ್ರ ಗೆರೆಯಲ್ಲಿ ಮರೆಸುತ್ತಾಳೆ.

ಇದನ್ನೆಲ್ಲ ಬರಿಯ ಶೈಲಿಯ ಚಮತ್ಕಾರವೆಂದು ಬಿಡಲು ಉರ್ದು ಓದಿದ ನನಗೆ ಮನಸ್ಸಾಗುವುದಿಲ್ಲ. ಅಲ್ಲಿ ವಿಷಯ ತಿರುವುಮುರುವು. ನಜೀರ್ ಅಹ್ಮದರ 'ಮಿರಾತುಲ್ ಉರೂಸ್' (1869) ಬಂದ ಮೇಲೆ ಅಕ್ಬರಿ, ಅಸ್ಗರಿ ಎಂಬ ಅಕ್ಕತಂಗಿಯರ ಹೆಸರು ಮನೆಮಾತಾಯಿತು. ಅವರು ಕಲ್ಪಿತ ಹೆಂಗಸರು, ಆದ್ದರಿಂದ ಯಾರ ಮರ್ಯಾದೆಗೂ ಧಕ್ಕೆಯಿಲ್ಲ. ಅದರಿಂದಲೇ ಸ್ಫೂರ್ತಿ ಪಡೆದು ಪಟ್ನಾದ ರಶೀದುನ್ನಿಸಾ 'ಇಸ್ಲಾಹುನ್ನಿಸಾ' ಬರೆದರು. ಮಹಿಳೆಯೊಬ್ಬರು ಬರೆದ ಮೊದಲ ಉರ್ದು ಕಾದಂಬರಿಯೆಂದು ಅದನ್ನು ಗುರುತಿಸಲಾಗುತ್ತದೆ. 1894ರಲ್ಲಿ ಅಚ್ಚಾದಾಗ ಪಾತ್ರಗಳಿಗೆಲ್ಲ ಹೆಸರಿತ್ತು, ಲೇಖಕಿಗೆ ಇರಲಿಲ್ಲ! ಮುಖಪುಟದಲ್ಲಿ ಆಕೆ ಮುಹಮ್ಮದ್ ಸುಲೈಮಾನ್‌ರ ತಾಯಿ ಮಾತ್ರ. ಹೆಣ್ಣುಮಕ್ಕಳು ಓದುಬರಹ ಕಲಿಯಬೇಕೆಂದು ವಾದಿಸಿದ ಪುಸ್ತಕವದು.

ಮುಂದೆ ನಜರ್ ಸಜ್ಜಾದ್ ಹೈದರ್ ಕೂಡ ಮದುವೆಗೆ ಮುಂಚೆ 'ಬಿಂತೆ ನಜರುಲ್ ಬಾಕರ್' ಎಂದೇ ಬರೆದರು, ಅಂದರೆ ಬಾಕರರ ಮಗಳು. ಜಾಹಿದಾ ಖಾತೂನ್ ಶೇರ್ವಾನಿ ತಮ್ಮ ಕವಿತೆಗಳಿಗೆ ಹಾಕಿದ್ದು 'ಜೇ ಖೇ ಶೀನ್' ಎಂಬ ಮೂರಕ್ಷರ. ಆಸ್ಟಿನ್‌ಳ ಮೊದಲ ಕಾದಂಬರಿಯ (1811) ಮೇಲೂ 'ಒಬ್ಬ ಮಹಿಳೆಯಿಂದ' ಎಂದಷ್ಟೇ ಇತ್ತು ಎಂಬುದು ನಿಜ. ಪರ್ದಾ ನಮ್ಮ ಗುತ್ತಿಗೆಯೇನಲ್ಲ. ಆದರೆ ಕಾದಂಬರಿಯ ಗೆರೆ ಇಲ್ಲದವರನ್ನು ಇದ್ದಾರೆನ್ನುತ್ತಿತ್ತು. ಈ ಮುಖಪುಟಗಳು ಇದ್ದವರನ್ನು ಇಲ್ಲವಾಗಿಸಿದವು.

ನಮ್ಮ ಊರುಗಳ ಕೆಲವು ಉರ್ದು ಲಗ್ನಪತ್ರಿಕೆಗಳಲ್ಲಿ ಈಗಲೂ ವರನ ಹೆಸರು ಡಿಗ್ರಿ ಸಮೇತ ಇರುತ್ತದೆ. ವಧು ಮಾತ್ರ ಇಂಥವರ ದುಖ್ತರ್.