ದತ್ತಸ್ವಾತಂತ್ರ್ಯ: ಹರಿಕಥಾಮೃತಸಾರದ ಒಂದು ತೊಡಕು

ಮಾನ್ವಿಯ ಜಗನ್ನಾಥದಾಸರ (1728–1809) ಹರಿಕಥಾಮೃತಸಾರವನ್ನು ಮಾಧ್ವಸಿದ್ಧಾಂತದ ಕನ್ನಡ ಕೈಪಿಡಿಯೆಂದು ಕರೆದು ಮುಗಿಸುವುದು ವಾಡಿಕೆಯಾಗಿದೆ. ಭಾಮಿನಿ ಷಟ್ಪದಿಯಲ್ಲಿ ಶಾಸ್ತ್ರವನ್ನು ಅಡಕಗೊಳಿಸಿದ ಚಾತುರ್ಯವನ್ನು ಕೊಂಡಾಡಿದವರು ಅನೇಕರು. ಆ ಶಾಸ್ತ್ರದ ಅತ್ಯಂತ ಕಠಿನವಾದ ಪ್ರಶ್ನೆಯನ್ನು ಕಾವ್ಯವು ಹೇಗೆ ಎದುರಿಸಿದೆಯೆಂದು ಪರಿಶೀಲಿಸಿದವರು ವಿರಳ. ಭಗವಂತನು ಸರ್ವಜ್ಞನು, ಸರ್ವಪ್ರೇರಕನು. ಯಾವ ಜೀವನು ಮುಕ್ತಿಯೋಗ್ಯ, ಯಾವನು ನಿತ್ಯಸಂಸಾರಿ, ಯಾವನು ತಮೋಯೋಗ್ಯ ಎಂಬುದು ಅವನಿಗೆ ಅನಾದಿಯಿಂದ ವಿದಿತವಾಗಿದೆ. ಹಾಗಿದ್ದಲ್ಲಿ ಜೀವನ ಪ್ರಯತ್ನಕ್ಕೆ ಅರ್ಥವೇನು?

ಈ ಪ್ರಶ್ನೆ ನಮ್ಮವರದು ಮಾತ್ರವಲ್ಲ. ಆರನೆಯ ಶತಮಾನದ ರೋಮನ್ ಚಿಂತಕ ಬೋಯೆಥಿಯಸನು, ದೇವರು ಕಾಲಾತೀತನಾಗಿ ಎಲ್ಲವನ್ನೂ ವರ್ತಮಾನವೆಂಬಂತೆ ಕಾಣುತ್ತಾನೆ, ಕಂಡಮಾತ್ರಕ್ಕೆ ಕಾರ್ಯವು ಬಲಾತ್ಕೃತವಾಗದು ಎಂದು ಸಮಾಧಾನ ಹೇಳಿದನು. ಮಧ್ವರಿಗೆ ಈ ದಾರಿ ತೆರೆದಿಲ್ಲ. ಅವರ ಹರಿ ಕೇವಲ ನೋಡುವವನಲ್ಲ, ಮಾಡಿಸುವವನು. ಜೀವನು ಕರ್ತೃವಾಗದಿದ್ದರೆ ವಿಧಿನಿಷೇಧಗಳೇ ವ್ಯರ್ಥವಾಗುವುವೆಂದು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದವು ಹೇಳುತ್ತದೆ. ಅನಂತರ ಆ ಕರ್ತೃತ್ವವೂ ಪರಾಧೀನವೆನ್ನುತ್ತದೆ. ಜೀವಸ್ವಭಾವವು ಅನಾದಿ, ಅದನ್ನು ದೇವರು ಹೊಸದಾಗಿ ನಿರ್ಮಿಸಲಿಲ್ಲ, ಆದುದರಿಂದ ಅವನಿಗೆ ಪಕ್ಷಪಾತದೋಷವಿಲ್ಲ ಎಂಬುದು ಮಾಧ್ವರ ಉತ್ತರ. ಆತ್ಮವನ್ನು ದೇವರೇ ಸೃಷ್ಟಿಸಿದನೆಂದು ನಂಬಿದ ಕಾಲ್ವಿನನಿಗೆ ಇಂಥ ಉತ್ತರ ಲಭ್ಯವಿರಲಿಲ್ಲ. ಆದರೆ ಅನಾದಿಯಾದ ಆ ಸ್ವಭಾವದ ಇರವೂ ಹರಿಯ ಅಧೀನವೆಂದ ಮೇಲೆ ಪ್ರಶ್ನೆ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ.

ಜಗನ್ನಾಥದಾಸರು ತಮ್ಮ ಕೃತಿಯ ನಡುವೆ ಒಂದು ಸಂಧಿಗೆ ದತ್ತಸ್ವಾತಂತ್ರ್ಯವೆಂಬ ಹೆಸರನ್ನೇ ಪಡೆಯುವಂತೆ ಈ ವಿಷಯವನ್ನು ವಿಸ್ತರಿಸಿದ್ದಾರೆ. ಹರಿಯು ಕರುಣೆಯಿಂದ ತನ್ನ ಸ್ವಾತಂತ್ರ್ಯದಲ್ಲಿ ಪಾಲು ತೆಗೆದು ಹಂಚುತ್ತಾನೆ. ಪಾಲಿನ ಲೆಕ್ಕವನ್ನು ಕವಿ ಅಂಕೆಗಳಲ್ಲಿಯೇ ಹೇಳುತ್ತಾನೆ. ಕಾವ್ಯವೆಂದು ಓದುವವನಿಗೆ ಈ ಗಣಿತ ಬೇಸರ ತರುವುದುಂಟು, ನನಗೂ ತಂದಿದೆ. ಆದರೂ ಅಳೆದು ಕೊಟ್ಟದ್ದು ಬರಿಯ ಭ್ರಮೆಯಾಗಲಾರದು. ಅರಸನು ಕೊಟ್ಟ ಇನಾಮು ಭೂಮಿ ಅರಸನದೇ. ಆದರೆ ಅದರಲ್ಲಿ ಬಿತ್ತದೆ ಬೀಳುಗೆಡವಿದವನು ಅರಸನನ್ನು ದೂರುವಂತಿಲ್ಲ.

ಇಲ್ಲಿ ಕವಿಚರಿತ್ರೆಯ ಒಂದು ಪ್ರತೀತಿ ನೆನಪಾಗುತ್ತದೆ. ವಿಜಯದಾಸರನ್ನು ತಿರಸ್ಕರಿಸಿ ಉದರವ್ಯಾಧಿಗೆ ಗುರಿಯಾದ ಶ್ರೀನಿವಾಸಾಚಾರ್ಯರಿಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ದಾನವಿತ್ತರಂತೆ; ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾದರು. ಇದರ ಐತಿಹಾಸಿಕತೆ ಹಾಗಿರಲಿ. ಆಯುಷ್ಯವು ಮೊದಲೇ ನಿರ್ಣೀತವೆಂದು ನಂಬಿದ ಪರಂಪರೆಯೇ ಆಯುರ್ದಾನದ ಕಥೆಯನ್ನೂ ಕಾಪಾಡಿಕೊಂಡು ಬಂದಿದೆಯೆಂಬುದು ಗಮನಾರ್ಹ. ಕೊಟ್ಟ ವರ್ಷಗಳು ಗೋಪಾಲದಾಸರವು; ಆ ವರ್ಷಗಳಲ್ಲಿ ಹುಟ್ಟಿದ ಕೃತಿಯನ್ನು ಗೋಪಾಲದಾಸರದೆಂದು ಯಾರೂ ಹೇಳಲಿಲ್ಲ. ದತ್ತವಾದದ್ದು ಪಡೆದವನದೂ ಆಗಬಲ್ಲುದೆಂಬುದಕ್ಕೆ ಸಂಧಿಯ ಅಂಕೆಗಳಿಗಿಂತ ಈ ಕಥೆಯೇ ಬಲವತ್ತರವಾದ ಸಾಕ್ಷಿಯೆಂದು ನನ್ನ ಅಭಿಪ್ರಾಯ. ದಾಸರು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಬಿಂಬನು ಬರೆಯಿಸಿದನೆಂದೇ ಹೇಳುತ್ತಿದ್ದರು.

ಇನ್ನೊಂದು ಸಮಾಧಾನವೂ ಉಂಟು. ಭವಿಷ್ಯಜ್ಞಾನ ಹರಿಯದು, ಜೀವನದಲ್ಲ. ತಾನು ಯಾವ ಗುಂಪಿನವನೆಂದು ಸಾಧಕನಿಗೆ ಗೊತ್ತಿಲ್ಲ. ಆ ಅಜ್ಞಾನದಲ್ಲಿಯೇ ಸಾಧನೆಗೆ ಎಡೆಯಿದೆ. ದಾಸರ ಕೀರ್ತನೆಗಳಲ್ಲಿ ಮೊರೆ, ಮುನಿಸು, ಜಗಳ ಎಲ್ಲವೂ ನಿಜವಾಗಿ ಕೇಳಿಸುವುದು ಇದರಿಂದಲೇ. ಈ ಮಾತು ಮುಕ್ತಿಯೋಗ್ಯನ ಮಟ್ಟಿಗೆ ಸಾಕು. ತಮೋಯೋಗ್ಯನ ಮಟ್ಟಿಗೆ ಸಾಲದು: ಅವನ ಮೊರೆಯೂ ಅವನಿಗೆ ನಿಜವೇ ಆಗಿದ್ದರೆ, ಅದನ್ನು ಕೇಳುವವನು ಅದರ ಫಲವನ್ನು ಮೊದಲೇ ಬಲ್ಲನು. ಮಂಗಳಾಚರಣೆಯಾದ ಒಡನೆಯೇ ಕರುಣಾಸಂಧಿಯನ್ನು ಇಟ್ಟ ಕವಿ, ಬಹಳ ಮುಂದೆ ದೈತ್ಯತಾರತಮ್ಯವನ್ನೂ ಅದೇ ನಿರ್ವಿಕಾರದಿಂದ ವಿವರಿಸುತ್ತಾನೆ. ಆ ಎರಡು ಸಂಧಿಗಳನ್ನು ಒಂದೇ ದಿನ ಓದಿದವನಿಗೆ, ಮೊದಲನೆಯದರಲ್ಲಿ ಹೊಗಳಿದ ಕರುಣೆ ಎರಡನೆಯದರಲ್ಲಿ ಎಲ್ಲಿ ನಿಂತಿತೆಂದು ಕೇಳದಿರಲಾಗದು. ಕವಿ ಅದಕ್ಕೆ ಉತ್ತರ ಹೇಳಿಲ್ಲ. ಹೇಳಿದ್ದಾನೆಂದು ತೋರಿಸಹೊರಟ ವ್ಯಾಖ್ಯಾನವು ನನ್ನನ್ನು ಒಪ್ಪಿಸಿಲ್ಲ.